ವಿಡಾಲ್ ಪಾಸಿಟಿವ್ ಬಂದರೆ ಟೈಫಾಯ್ಡೇ? ಜ್ವರದ ರೋಗಾಣುಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ. ಜ್ವರ ಬಂದಿದೆ, ಮಾತ್ರೆ ನುಂಗಿದ್ದಾಗಿದೆ, ಆದರೆ ಯಾವ ರೋಗಾಣು ಎಂಬುದು ಮಾತ್ರ ಗೊತ್ತಾಗಿಲ್ಲ. ಅದು ಗೊತ್ತಾಗದೆ ಸರಿಯಾದ ಔಷಧಿ ಯಾವುದೆಂದು ಹೇಳುವುದು ಕಷ್ಟ. ಹಾಗಾಗಿ ಉತ್ತರಗಳಲ್ಲಿ ಪರೀಕ್ಷೆಯ ವಿಷಯವೇ ಹೆಚ್ಚು ಬಂದಿದೆ.

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ. ಜ್ವರ ಶುರುವಾದ ಮೂರನೇ ದಿನ ವಿಡಾಲ್ ಮಾಡಿಸಿದಾಗ ‘ಓ 1:160, ಎಚ್ 1:160’ ಎಂದು ಬಂತು. ಟೈಫಾಯ್ಡ್ ಎಂದು ಹತ್ತು ದಿನ ಮಾತ್ರೆ ಕೊಟ್ಟರು, ಜ್ವರ ಹೋಯಿತು. ತಿಂಗಳು ಬಿಟ್ಟು ಮತ್ತೆ ಮಾಡಿಸಿದರೆ ಈಗಲೂ ಪಾಸಿಟಿವ್. ಹೋದ ವರ್ಷವೂ ಹೀಗೇ ಆಗಿತ್ತು. ರೋಗ ಒಳಗೇ ಉಳಿದುಬಿಟ್ಟಿದೆಯೇ? (ಗೃಹಿಣಿ, ದಾವಣಗೆರೆ)

ಉಳಿದಿರುವ ಸಾಧ್ಯತೆ ತೀರಾ ಕಡಿಮೆ. ನಿಜ ಹೇಳಬೇಕೆಂದರೆ, ಎರಡು ಸಲ ಬಂದದ್ದು ಟೈಫಾಯ್ಡ್ ಹೌದೋ ಅಲ್ಲವೋ ಎಂಬುದನ್ನೇ ಆ ವರದಿಯ ಮೇಲೆ ಹೇಳಲು ಬರುವುದಿಲ್ಲ.

ವಿಡಾಲ್ ಪರೀಕ್ಷೆ ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾದ ವಿರುದ್ಧ ದೇಹ ಹುಟ್ಟಿಸಿಕೊಂಡ ಪ್ರತಿಕಾಯಗಳು ರಕ್ತದಲ್ಲಿವೆಯೇ ಎಂದು ನೋಡುತ್ತದೆ, ಅಷ್ಟೆ. ‘ಓ’ ಎಂದರೆ ಬ್ಯಾಕ್ಟೀರಿಯಾದ ಹೊರಕವಚದ ವಿರುದ್ಧ ಹುಟ್ಟಿದ್ದು, ‘ಎಚ್’ ಎಂದರೆ ಅದು ಈಜಾಡಲು ಬಳಸುವ ಬಾಲದಂಥ ಎಳೆಗಳ ವಿರುದ್ಧ ಹುಟ್ಟಿದ್ದು. 1:160 ಎಂದರೆ ರಕ್ತದ ತಿಳಿಭಾಗವಾದ ಸೀರಮ್ಮನ್ನು 160 ಪಟ್ಟು ತೆಳುಮಾಡಿದರೂ ಪ್ರತಿಕ್ರಿಯೆ ಕಂಡಿತು ಎಂದರ್ಥ. ಫ್ರಾನ್ಸಿನ ಜಾರ್ಜ್ ಫರ್ನಾಂಡ್ ವಿಡಾಲ್ ಇದನ್ನು ಬಳಕೆಗೆ ತಂದದ್ದು 1896ರಲ್ಲಿ. ಅಗ್ಗ, ಸುಲಭ, ಅರ್ಧ ದಿನದಲ್ಲಿ ವರದಿ ಕೈಗೆ ಸಿಗುತ್ತದೆ. ಆದ್ದರಿಂದಲೇ ಇಂದಿಗೂ ನಮ್ಮ ಊರೂರಿನ ಲ್ಯಾಬುಗಳಲ್ಲಿ ಬೀಡುಬಿಟ್ಟಿದೆ.

ಈಗ ನಿಮ್ಮ ಮಗಳ ವರದಿಗೆ ಬರೋಣ. ಹೊಸದಾಗಿ ಟೈಫಾಯ್ಡ್ ತಗುಲಿದರೆ ‘ಓ’ ಪ್ರತಿಕಾಯ ಸುಮಾರು 6ರಿಂದ 8ನೇ ದಿನಕ್ಕೆ, ‘ಎಚ್’ 10ರಿಂದ 12ನೇ ದಿನಕ್ಕೆ ಕಾಣಿಸಿಕೊಳ್ಳುತ್ತವೆ. ಮೂರನೇ ದಿನಕ್ಕೇ ಎರಡೂ 1:160 ಇದ್ದವೆಂದರೆ ಅವು ಈ ಜ್ವರಕ್ಕೆ ಹುಟ್ಟಿದವಲ್ಲ, ಮೊದಲಿನಿಂದಲೇ ಇದ್ದವು ಎಂಬ ಅನುಮಾನ ಬರಬೇಕು. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂಥ ಕಡೆ ಆರೋಗ್ಯವಾಗಿರುವವರ ರಕ್ತದಲ್ಲೂ ಹಳೆಯ ಪ್ರತಿಕಾಯಗಳು ಇರುತ್ತವೆ. ಸಾಲ್ಮೊನೆಲ್ಲಾ ಕುಟುಂಬದ ಬೇರೆ ಬ್ಯಾಕ್ಟೀರಿಯಾ ಬಂದರೂ, ಮಲೇರಿಯಾ, ಡೆಂಗಿಯಂಥ ಜ್ವರ ಬಂದರೂ ಅವು ಏರುವುದುಂಟು. ಜ್ವರ ಹೋಗಿ ತಿಂಗಳುಗಟ್ಟಲೆ ಕಳೆದರೂ ರಕ್ತದಲ್ಲಿ ಇದ್ದೇ ಇರುತ್ತವೆ. ಹೀಗಾಗಿ ‘ವಾಸಿಯಾಯಿತೇ ನೋಡೋಣ’ ಎಂದು ವಿಡಾಲ್ ಮಾಡಿಸುವುದು ದುಡ್ಡು ಕಳೆದುಕೊಂಡು ಭಯ ಕೊಂಡು ತಂದಂತೆ. ಪಟ್ಟಿಯ ಮೇಲೆ ಗೆರೆ ಮೂಡುವ ಟೈಫಿಡಾಟ್ ಥರದ ಪರೀಕ್ಷೆಗಳಿಗೂ ಬಹುಪಾಲು ಇದೇ ಮಿತಿ ಇದೆ.

ಸರಿಯಾದ ಪರೀಕ್ಷೆ ಬ್ಲಡ್ ಕಲ್ಚರ್. ರಕ್ತವನ್ನು ಪೋಷಕ ದ್ರವವಿರುವ ಬಾಟಲಿಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಕಾಯುತ್ತಾರೆ. ಇಲ್ಲಿ ಎಡವಟ್ಟಾಗುವುದು ಎರಡು ಕಡೆ. ಮೊದಲನೆಯದು ರಕ್ತದ ಪ್ರಮಾಣ. ಟೈಫಾಯ್ಡಿನಲ್ಲಿ ಒಂದು ಮಿಲಿ ರಕ್ತದಲ್ಲಿ ಒಂದೋ ಎರಡೋ ಜೀವಂತ ಬ್ಯಾಕ್ಟೀರಿಯಾ ಸಿಕ್ಕರೆ ಹೆಚ್ಚು. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಮಿಲಿ ರಕ್ತ ಬೇಕು. ಎರಡು ಮಿಲಿ ಹಾಕಿ ಕಳಿಸಿದರೆ ರೋಗವಿದ್ದರೂ ‘ಏನೂ ಬೆಳೆಯಲಿಲ್ಲ’ ಎಂಬ ವರದಿ ಬರುತ್ತದೆ. ಎರಡನೆಯದು ಸಮಯ. ಆ್ಯಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವ ಮುಂಚೆಯೇ, ಸಾಧ್ಯವಾದರೆ ಜ್ವರದ ಮೊದಲ ವಾರದಲ್ಲೇ ರಕ್ತ ತೆಗೆಯಬೇಕು. ಎರಡು ಡೋಸ್ ಒಳಗೆ ಹೋದರೂ ಬೆಳವಣಿಗೆ ಕುಂಠಿತವಾಗುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ನೂರು ಟೈಫಾಯ್ಡ್ ರೋಗಿಗಳಲ್ಲಿ ಸುಮಾರು 60 ಮಂದಿಯಲ್ಲಷ್ಟೇ ಕಲ್ಚರ್ ಹಿಡಿಯುತ್ತದೆ. ಆದರೆ ಹಿಡಿದರೆ ಅನುಮಾನಕ್ಕೆ ಎಡೆಯಿಲ್ಲ, ಯಾವ ಔಷಧಿಗೆ ಅದು ಬಗ್ಗುತ್ತದೆ ಎಂಬುದೂ ಜೊತೆಯಲ್ಲೇ ತಿಳಿಯುತ್ತದೆ. ನಮ್ಮ ದೇಶದ ಟೈಫಾಯ್ಡ್ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಈಗ ಸಿಪ್ರೊಫ್ಲಾಕ್ಸಾಸಿನ್‌ಗೆ ಸರಿಯಾಗಿ ಮಣಿಯುವುದಿಲ್ಲ. ಹಾಗಾಗಿ ಈ ಮಾಹಿತಿಗೆ ಬೆಲೆ ಹೆಚ್ಚು.

ಅಜಿತ್ರೊಮೈಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ಗಳಲ್ಲಿ ಯಾವುದೆಂದು ವೈದ್ಯರು ನಿರ್ಧರಿಸುತ್ತಾರೆ. ರೋಗಿಯ ಮನೆಯವರು ತಿಳಿದಿರಬೇಕಾದದ್ದು ಇಷ್ಟು: ಸರಿಯಾದ ಔಷಧಿಯೇ ಬಿದ್ದರೂ ಟೈಫಾಯ್ಡ್ ಜ್ವರ ಇಳಿಯಲು 4ರಿಂದ 6 ದಿನ ಹಿಡಿಯುತ್ತದೆ. ಈ ಬ್ಯಾಕ್ಟೀರಿಯಾ ನಮ್ಮದೇ ರಕ್ಷಕ ಕೋಶಗಳೊಳಗೆ ಅವಿತು ಕೂರುವುದರಿಂದ ಹೀಗಾಗುತ್ತದೆ. ಎರಡು ದಿನ ನೋಡಿ ‘ಈ ಡಾಕ್ಟರ ಔಷಧಿ ನಾಟಲಿಲ್ಲ’ ಎಂದು ಇನ್ನೊಬ್ಬರ ಬಳಿ ಓಡಿ ಔಷಧಿ ಬದಲಿಸುವುದು ಬೇಡ. ಜ್ವರ ಬಿಟ್ಟ ಮೇಲೂ ಹೇಳಿದಷ್ಟು ದಿನ ಮಾತ್ರೆ ಮುಗಿಸಿ. ಇಲ್ಲದಿದ್ದರೆ ಎರಡು ಮೂರು ವಾರ ಬಿಟ್ಟು ಮರುಕಳಿಸಬಹುದು. ಬರೀ ಗಂಜಿ, ಬ್ರೆಡ್ಡಿನಲ್ಲಿ ರೋಗಿಯನ್ನು ಸೊರಗಿಸಬೇಕಿಲ್ಲ. ಅನ್ನ, ಬೇಳೆ, ಮೊಸರು, ಮೊಟ್ಟೆ, ಇಡ್ಲಿ ಎಲ್ಲವೂ ಆಗುತ್ತದೆ. ಜ್ವರದ ಎರಡು, ಮೂರನೇ ವಾರದಲ್ಲಿ ಹೊಟ್ಟೆ ಥಟ್ಟನೆ ಬಿಗಿದು ನೋಯುವುದು, ಮಲ ಟಾರಿನಂತೆ ಕಪ್ಪಾಗುವುದು, ರೋಗಿ ಬಡಬಡಿಸುವುದು ಕಂಡರೆ ಕರುಳಿನಲ್ಲಿ ರಕ್ತಸ್ರಾವವಾಗಿರಬಹುದು ಅಥವಾ ತೂತು ಬಿದ್ದಿರಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

‘ಒಳಗೇ ಉಳಿಯುವುದು’ ಎಂಬುದು ಪೂರಾ ಕಟ್ಟುಕಥೆಯೂ ಅಲ್ಲ. ಕೆಲವರಲ್ಲಿ, ಅದರಲ್ಲೂ ಪಿತ್ತಕೋಶದಲ್ಲಿ ಕಲ್ಲಿದ್ದವರಲ್ಲಿ, ಬ್ಯಾಕ್ಟೀರಿಯಾ ವರ್ಷಕ್ಕೂ ಮೀರಿ ಮಲದಲ್ಲಿ ಹೋಗುತ್ತಿರುತ್ತದೆ. ಅವರಿಗೆ ಜ್ವರ ಇರುವುದಿಲ್ಲ, ಆದರೆ ಅವರ ಕೈಯಡುಗೆ ಉಂಡವರಿಗೆ ಬರುತ್ತದೆ. ಅದನ್ನು ಪತ್ತೆಮಾಡುವುದು ಮಲದ ಕಲ್ಚರಿನಿಂದ, ವಿಡಾಲ್‌ನಿಂದ ಅಲ್ಲ. ಮಗಳು ಹಾಸ್ಟೆಲ್ಲಿನಲ್ಲಿದ್ದರೆ, ಹೊರಗಿನ ನೀರು, ಊಟ ತಪ್ಪದಿದ್ದರೆ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಒಂದೇ ಡೋಸ್, ಆರು ತಿಂಗಳ ಮಗುವಿನಿಂದ ಹಿಡಿದು ಕೊಡಬಹುದು.

ಪ್ರಶ್ನೆ: ನನ್ನ ತಂದೆಗೆ ಐದು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಆಮೇಲೆ ಬೇರೆ ಆಸ್ಪತ್ರೆಯಲ್ಲಿ ತೊಡೆಸಂದಿಯಲ್ಲಿದ್ದ ಕಪ್ಪು ಹಕ್ಕಳೆ ನೋಡಿ ಅಗ್ಗದ ಮಾತ್ರೆ ಕೊಟ್ಟರು, ಎರಡೇ ದಿನಕ್ಕೆ ಜ್ವರ ಬಿಟ್ಟಿತು. ದುಬಾರಿ ಇಂಜೆಕ್ಷನ್ ಮಾಡದ್ದನ್ನು ಮಾತ್ರೆ ಹೇಗೆ ಮಾಡಿತು? (ಖಾಸಗಿ ಉದ್ಯೋಗಿ, ಕೋಲಾರ)

ಅದು ಸ್ಕ್ರಬ್ ಟೈಫಸ್. ಹೆಸರು ಹತ್ತಿರವಿದ್ದರೂ ಟೈಫಾಯ್ಡಿಗೂ ಇದಕ್ಕೂ ನಂಟಿಲ್ಲ. ಪೊದೆ, ಹುಲ್ಲು, ಬದುಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿದಾಗ ಒರಿಯೆಂಶಿಯಾ ಸುಟ್ಸುಗಮುಶಿ ಎಂಬ ಬ್ಯಾಕ್ಟೀರಿಯಾ ಮೈಗೆ ಇಳಿಯುತ್ತದೆ. ಸೆಫ್ಟ್ರಿಯಾಕ್ಸೋನ್, ಪೆನಿಸಿಲಿನ್ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟುವುದನ್ನು ತಡೆದು ಕೊಲ್ಲುತ್ತವೆ. ಈ ಬ್ಯಾಕ್ಟೀರಿಯಾ ನಮ್ಮ ಕೋಶದೊಳಗೆ ಬದುಕುವಂಥದ್ದು, ಅದಕ್ಕೆ ಅಂಥ ಗಟ್ಟಿ ಗೋಡೆಯೂ ಇಲ್ಲ. ಹೊಡೆಯಲು ಗುರಿಯೇ ಇಲ್ಲದ ಮೇಲೆ ಇಂಜೆಕ್ಷನ್ನಿನ ಬೆಲೆ ಎಷ್ಟಿದ್ದರೇನು? ಇದಕ್ಕೆ ಕೊಡುವ ಅಗ್ಗದ ಮಾತ್ರೆ ಡಾಕ್ಸಿಸೈಕ್ಲಿನ್ ಕೋಶದೊಳಕ್ಕೆ ಹೊಕ್ಕು ಬ್ಯಾಕ್ಟೀರಿಯಾದ ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುತ್ತದೆ. ದೊಡ್ಡವರಿಗೆ 100 ಮಿಲಿಗ್ರಾಂ ದಿನಕ್ಕೆರಡು ಸಲ, ಸಾಮಾನ್ಯವಾಗಿ ಏಳು ದಿನ. ಗರ್ಭಿಣಿಯರಿಗೆ ಅಜಿತ್ರೊಮೈಸಿನ್.

ಹಕ್ಕಳೆಯನ್ನು ಕಂಡುಹಿಡಿದ ವೈದ್ಯರ ಕಣ್ಣು ಮೆಚ್ಚುವಂಥದ್ದು. ಸಿಗರೇಟಿನಿಂದ ಸುಟ್ಟಂತೆ ಕಾಣುವ ಅದು ನೋಯುವುದಿಲ್ಲ, ತುರಿಸುವುದೂ ಇಲ್ಲ, ಇರುವ ಜಾಗವೂ ಮರೆಯದ್ದು: ಕಂಕುಳು, ತೊಡೆಸಂದಿ, ಸ್ತನದ ಕೆಳಗೆ, ಸೊಂಟದ ದಾರದಡಿ, ಕಿವಿಯ ಹಿಂದೆ. ರೋಗಿಗೇ ಗೊತ್ತಿರುವುದಿಲ್ಲ. ಐದಾರು ದಿನದ ಜ್ವರಕ್ಕೆ ಕಾರಣ ಸಿಗದಿದ್ದರೆ ಮನೆಯವರೇ ಒಮ್ಮೆ ಮೈಯೆಲ್ಲ ನೋಡಿ, ಕಂಡದ್ದನ್ನು ವೈದ್ಯರಿಗೆ ತೋರಿಸಿ. ಹಕ್ಕಳೆ ಇಲ್ಲದೆಯೂ ಈ ರೋಗ ಇರಬಹುದು ಎಂಬುದು ನೆನಪಿರಲಿ.

ಪ್ರಶ್ನೆ: ನಮ್ಮಲ್ಲಿ ನಾಟಿಗೆ ಬಂದಿದ್ದ ಒಬ್ಬರಿಗೆ ಇಲಿ ಜ್ವರ ಬಂತು. ಮೊದಲು ಕಾಮಾಲೆ ಎಂದು ಒಂದು ವಾರ ಹಳ್ಳಿಮದ್ದು ಮಾಡಿದ್ದರು. ಇಲಿ ಜ್ವರಕ್ಕೂ ಕಾಮಾಲೆಗೂ ವ್ಯತ್ಯಾಸ ಹೇಗೆ ತಿಳಿಯುವುದು? ಉಳಿದವರು ಮುಂಚೆಯೇ ಮಾತ್ರೆ ನುಂಗಬಹುದೇ? (ಕೃಷಿಕರು, ಕುಂದಾಪುರ)

ಆ ಒಂದು ವಾರ ಬಹಳ ದುಬಾರಿಯಾಗಬಹುದಿತ್ತು. ಕಾಮಾಲೆ ಒಂದು ಲಕ್ಷಣ, ರೋಗದ ಹೆಸರಲ್ಲ. ಕಣ್ಣು ಹಳದಿಯಾಗಲು ಹೆಪಟೈಟಿಸ್ ಎ ವೈರಸ್ಸೂ ಕಾರಣವಾಗಬಹುದು, ಇಲಿ ಜ್ವರದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾವೂ ಆಗಬಹುದು. ಮೊದಲನೆಯದು ಬಹುಪಾಲು ತಾನಾಗಿ ವಾಸಿಯಾಗುತ್ತದೆ. ಆಗ ಯಾವ ಮದ್ದು ಕೊಟ್ಟಿದ್ದರೂ ಅದಕ್ಕೇ ಹೆಸರು ಬರುತ್ತದೆ. ಎರಡನೆಯದು ಮೂತ್ರಪಿಂಡ, ಶ್ವಾಸಕೋಶಗಳನ್ನು ಕೆಡಿಸಿ ಜೀವ ತೆಗೆಯಬಲ್ಲದು.

ವ್ಯತ್ಯಾಸ ಹೇಳುವ ಗುರುತುಗಳಿವೆ. ಹೆಪಟೈಟಿಸ್‌ನಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಇಳಿದಿರುತ್ತದೆ. ಇಲಿ ಜ್ವರದಲ್ಲಿ ಹಳದಿಯ ಜೊತೆಗೇ ಜ್ವರ ಕಾಯುತ್ತಿರುತ್ತದೆ. ಮೀನಖಂಡ ಮುಟ್ಟಿದರೆ ಸಾಕು, ರೋಗಿ ಚೀರುವಷ್ಟು ನೋವು. ಕಣ್ಣು ಕೆಂಪಾಗಿರುತ್ತದೆ, ಆದರೆ ಪಿಸುರು ಬರುವುದಿಲ್ಲ. ರಕ್ತ ಪರೀಕ್ಷೆಯಲ್ಲೂ ಒಂದು ಸುಳಿವಿದೆ: ವೈರಸ್ಸಿನ ಕಾಮಾಲೆಯಲ್ಲಿ ಯಕೃತ್ತಿನ ಕಿಣ್ವಗಳಾದ ಎಸ್‌ಜಿಪಿಟಿ, ಎಸ್‌ಜಿಒಟಿ ಸಾವಿರ ದಾಟುವುದು ಸಾಮಾನ್ಯ. ಇಲಿ ಜ್ವರದಲ್ಲಿ ಹಳದಿ ಬಣ್ಣ ತರುವ ಬಿಲಿರುಬಿನ್ ಹತ್ತು, ಹದಿನೈದಕ್ಕೆ ಏರಿದ್ದರೂ ಅವೆರಡು ಕೊಂಚವಷ್ಟೇ ಹೆಚ್ಚಿರುತ್ತವೆ, ಅದರ ಜೊತೆಗೆ ಮೂತ್ರಪಿಂಡ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ಏರತೊಡಗಿರುತ್ತದೆ. ವರದಿ ಕೈಗೆ ಬಂದಾಗ ಈ ಸಾಲುಗಳನ್ನು ನೋಡಿ ವೈದ್ಯರನ್ನು ಕೇಳಿ.

ಸಾಮಾನ್ಯವಾಗಿ ಮಾಡಿಸುವ ಪರೀಕ್ಷೆ ಲೆಪ್ಟೊ ಐಜಿಎಂ ಎಲೈಸಾ, ಅಂದರೆ ಈ ಬ್ಯಾಕ್ಟೀರಿಯಾದ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು ಹುಡುಕುವುದು. ಜ್ವರ ಶುರುವಾಗಿ ಐದಾರು ದಿನ ಕಳೆಯದೆ ಇದು ಪಾಸಿಟಿವ್ ಆಗುವುದಿಲ್ಲ. ಎರಡನೇ ದಿನ ಮಾಡಿಸಿ ನೆಗೆಟಿವ್ ಬಂತೆಂದು ನೆಮ್ಮದಿಯಾಗಿರುವಂತಿಲ್ಲ. ಮೊದಲ ವಾರದಲ್ಲಿ ಬ್ಯಾಕ್ಟೀರಿಯಾ ರಕ್ತದಲ್ಲೇ ಇರುವುದರಿಂದ ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ನಡೆಯುತ್ತದೆ. ಗದ್ದೆ, ಕೊಟ್ಟಿಗೆ, ಚರಂಡಿ ಕೆಲಸದ ಹಿನ್ನೆಲೆ ಇದ್ದು ಲಕ್ಷಣ ಹೊಂದಿದರೆ ವೈದ್ಯರು ವರದಿಗೆ ಕಾಯದೆ ಚಿಕಿತ್ಸೆ ಶುರುಮಾಡುವುದು ಸರಿಯಾದ ಕ್ರಮವೇ. ಸೌಮ್ಯ ರೋಗಕ್ಕೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡರಂತೆ ಏಳು ದಿನ, ತೀವ್ರವಾದರೆ ಆಸ್ಪತ್ರೆಯಲ್ಲಿ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್. ಹಿಂದಿನ ಉತ್ತರದಲ್ಲಿ ಕೆಲಸಕ್ಕೆ ಬಾರದ ಇಂಜೆಕ್ಷನ್ ಇಲ್ಲಿ ಜೀವ ಉಳಿಸುತ್ತದೆ, ಗಮನಿಸಿ. ಮೈಕೈ ನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಸೋತಿರುವ ಮೂತ್ರಪಿಂಡಕ್ಕೆ ಅವು ಇನ್ನೊಂದು ಹೊಡೆತ ಕೊಡುತ್ತವೆ. ಪ್ಯಾರಾಸಿಟಮಾಲ್ ಸಾಕು. ಮೂತ್ರ ದಿನಕ್ಕೆ ಎರಡು ಲೋಟಕ್ಕಿಂತ ಕಡಿಮೆಯಾದರೆ, ಕಫದಲ್ಲಿ ರಕ್ತ ಕಂಡರೆ, ಉಸಿರು ಕಟ್ಟಿದರೆ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೇ ನೇರ ಹೋಗಿ.

ಮುಂಜಾಗ್ರತೆಯ ಮಾತ್ರೆ ಇದೆ. ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ವಾರಕ್ಕೊಮ್ಮೆ, ನೀರಿನ ಕೆಲಸ ಇರುವ ವಾರಗಳಲ್ಲಿ ಮಾತ್ರ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ತೆಗೆದುಕೊಳ್ಳಬೇಕು. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಹೀಗೆ ಮುಂಜಾಗ್ರತೆಗೆಂದು ಕೊಡುವುದಿಲ್ಲ. ಊಟದ ನಂತರ ತುಂಬಿದ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ, ಇಲ್ಲವಾದರೆ ಅನ್ನನಾಳ ಸುಟ್ಟಂತಾಗುತ್ತದೆ. ಮಾತ್ರೆ ನುಂಗಿದೆ ಎಂದು ಬರಿಗಾಲಲ್ಲಿ ಇಳಿಯುವುದು ಸರಿಯಲ್ಲ. ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ ಈ ಬ್ಯಾಕ್ಟೀರಿಯಾ ಒಳಹೊಗುವುದು ಕಾಲಿನ ಬಿರುಕು, ಗೀರು, ನೆನೆದು ಮೆತ್ತಗಾದ ಚರ್ಮದ ಮೂಲಕ. ಗಂಬೂಟು ಹಾಕಿ ನಾಟಿ ಮಾಡಲಾಗದು ಎಂಬುದು ನಿಜ. ಹಾಗಿದ್ದರೆ ಗಾಯಕ್ಕೆ ನೀರು ತಾಗದ ಪಟ್ಟಿ ಹಾಕಿ, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಕೈಕಾಲು ತೊಳೆದು ಒಣಗಿಸಿ. ಒಣಗಿದ ಕಡೆ ಈ ಬ್ಯಾಕ್ಟೀರಿಯಾ ಬದುಕುವುದಿಲ್ಲ.

ಪ್ರಶ್ನೆ: ತೋಟದ ಅಂಚಿನಲ್ಲಿ ಮಂಗವೊಂದು ಸತ್ತು ಬಿದ್ದಿದೆ. ಹೂಳಬೇಕೋ ಸುಡಬೇಕೋ? ಮಂಗನ ಕಾಯಿಲೆಗೆ ಆ್ಯಂಟಿಬಯೋಟಿಕ್ ಇಲ್ಲ ಎನ್ನುತ್ತಾರೆ, ಹಾಗಾದರೆ ಆಸ್ಪತ್ರೆಗೆ ಹೋಗಿ ಏನು ಪ್ರಯೋಜನ? (ಅಡಿಕೆ ಬೆಳೆಗಾರರು, ಸಾಗರ)

ಎರಡೂ ನೀವು ಮಾಡಬೇಡಿ. ಹತ್ತಿರ ಹೋಗದೆ ಗ್ರಾಮ ಪಂಚಾಯಿತಿಗೋ, ಆಶಾ ಕಾರ್ಯಕರ್ತೆಗೋ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅಂದೇ ತಿಳಿಸಿ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ ಉಣುಗುಗಳು ಉದುರಿ ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಅಪಾಯ ಇರುವುದು ಹೆಣಕ್ಕಿಂತ ಹೆಚ್ಚಾಗಿ ಆ ನೆಲದಲ್ಲಿ. ಇಲಾಖೆಯವರು ಅಲ್ಲಿ ಕೀಟನಾಶಕ ಹಾಕಿ, ಮಂಗದ ಮಾದರಿ ತೆಗೆದು, ಆಮೇಲೆ ವಿಲೇವಾರಿ ಮಾಡುತ್ತಾರೆ. ಅಲ್ಲಿಯವರೆಗೆ ದನ, ನಾಯಿ, ಮಕ್ಕಳು ಆ ಕಡೆ ಸುಳಿಯದಿರಲಿ.

1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ ಜನರಿಗೂ ಜ್ವರ ಬಂದಾಗ ಮೊದಲು ಹಳದಿ ಜ್ವರವಿರಬಹುದೆಂಬ ಶಂಕೆ ಬಂದಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಇದು ಬೇರೆಯೇ ಹೊಸ ವೈರಸ್ ಎಂದು ತೋರಿಸಿದರು. ಅದಕ್ಕೆ ಆ ಕಾಡಿನ ಹೆಸರೇ ಉಳಿಯಿತು. ರೋಗ ಡಿಸೆಂಬರಿನಿಂದ ಮೇವರೆಗೆ ಹೆಚ್ಚು, ಯಾಕೆಂದರೆ ಮನುಷ್ಯರಿಗೆ ಕಚ್ಚುವುದು ಮುಖ್ಯವಾಗಿ ಉಣುಗಿನ ಮರಿಹಂತ. ಅವು ಮಳೆ ಕಳೆದ ಮೇಲೆ ತರಗೆಲೆಯಲ್ಲಿ ತುಂಬಿಕೊಳ್ಳುತ್ತವೆ. ಎಳ್ಳಿಗಿಂತ ಸಣ್ಣವಾದ್ದರಿಂದ ಕಚ್ಚಿದ್ದೂ ತಿಳಿಯುವುದಿಲ್ಲ. ದನಗಳಿಗೆ ಈ ರೋಗ ಬರುವುದಿಲ್ಲ, ಆದರೆ ದೊಡ್ಡ ಉಣುಗುಗಳನ್ನು ಹೊತ್ತು ತಂದು ಅವುಗಳ ಸಂತತಿ ಬೆಳೆಯಲು ನೆರವಾಗುತ್ತವೆ. ಪಶುವೈದ್ಯರಿಂದ ಉಣುಗಿನ ಔಷಧಿ ಹಾಕಿಸಿ.

ಸೊಪ್ಪು, ದರಗು ತರಲು ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಡುವ, ಉಣುಗನ್ನು ದೂರವಿಡುವ ಡೆಪಾ ತೈಲವನ್ನು ಕೈ, ಕಾಲು, ಕುತ್ತಿಗೆಗೆ ಹಚ್ಚಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಉಣುಗು ನೆಲದಿಂದ ಮೇಲಕ್ಕೆ ಹತ್ತುವುದು. ಬಂದ ಮೇಲೆ ಬಟ್ಟೆಯನ್ನು ಒಳಗೆ ತರದೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಉಣುಗು ಕಚ್ಚಿಕೊಂಡಿದ್ದರೆ ಸುಣ್ಣ, ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ನಿಧಾನ ಎಳೆಯಿರಿ.

ಇನ್ನು ಆಸ್ಪತ್ರೆಯ ಪ್ರಯೋಜನ. ಇದು ವೈರಸ್, ಅದನ್ನು ಕೊಲ್ಲುವ ಮದ್ದು ಇಲ್ಲ ಎಂಬುದು ನಿಜ. ಆದರೆ ಮಂಗನ ಕಾಯಿಲೆಯಲ್ಲಿ ಜೀವ ಹೋಗುವುದು ರಕ್ತಸ್ರಾವ, ರಕ್ತದೊತ್ತಡದ ಕುಸಿತ, ನಂತರದ ಸೋಂಕುಗಳಿಂದ. ಇವೆಲ್ಲಕ್ಕೂ ಚಿಕಿತ್ಸೆ ಇದೆ. ರೋಗ ಬಂದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಉಳಿದವರು ಬದುಕುವುದರಲ್ಲಿ ಹೊತ್ತಿಗೆ ಸರಿಯಾಗಿ ಕೊಟ್ಟ ಡ್ರಿಪ್, ಪ್ಲೇಟ್‌ಲೆಟ್ ಎಣಿಕೆ, ಶುಶ್ರೂಷೆಯ ಪಾಲು ದೊಡ್ಡದು. ಇನ್ನೊಂದು ಮಾತು: ಮೊದಲ ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಹತ್ತರಲ್ಲಿ ಒಬ್ಬಿಬ್ಬರಿಗೆ ಎರಡನೇ ಸುತ್ತಿನ ಜ್ವರ ಬರುತ್ತದೆ. ತಲೆನೋವು, ನಡುಕ, ಮಂಕು ಇರುತ್ತದೆ. ವಾಸಿಯಾಯಿತೆಂದು ಕೆಲಸಕ್ಕಿಳಿದವರು ಆಗ ಮತ್ತೆ ಆಸ್ಪತ್ರೆಗೆ ಬರಲೇಬೇಕು. ರಕ್ತ ಕೊಡುವಾಗ ಕಾಡಿಗೆ ಹೋದ ದಿನ, ಮಂಗ ಸತ್ತ ಜಾಗ ಎರಡನ್ನೂ ಹೇಳಿ. ಆಗ ಮೊದಲ ದಿನಗಳಲ್ಲೇ ಪಿಸಿಆರ್‌ಗೆ ಕಳಿಸುತ್ತಾರೆ. ರೋಗಿಯನ್ನು ದೂರ ಇಡಬೇಕಿಲ್ಲ, ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ. ಹಾಗಾಗಿ ತೈಲ, ಬಟ್ಟೆ, ಬಿಸಿನೀರನ್ನೇ ನೆಚ್ಚಬೇಕಾಗಿದೆ.

ಪ್ರಶ್ನೆ: ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚೆನ್ನಾಗಿ ಬಿಸಿಮಾಡಿ ತಿಂದೆವು. ಎರಡು ಗಂಟೆಯೊಳಗೆ ಮೂವರಿಗೂ ವಾಂತಿ. ಬಿಸಿಮಾಡಿದರೆ ರೋಗಾಣು ಸಾಯುವುದಿಲ್ಲವೇ? (ಹುಬ್ಬಳ್ಳಿ)

ರೋಗಾಣು ಸತ್ತಿತು, ಅದು ಉಗುಳಿದ ವಿಷ ಉಳಿಯಿತು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿಯಲ್ಲೇ ಇರುತ್ತವೆ, ಅನ್ನ ಬೆಂದರೂ ಸಾಯುವುದಿಲ್ಲ. ಅನ್ನವನ್ನು ಪಾತ್ರೆಯಲ್ಲೇ ಮುಚ್ಚಿಟ್ಟರೆ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತದೆ. ಆಗ ಬೀಜಕಗಳು ಮೊಳೆತು, ಬೆಳೆದು, ವಾಂತಿ ತರುವ ವಿಷ ಬಿಡುತ್ತವೆ. ಆ ವಿಷ ಒಗ್ಗರಣೆಗಿರಲಿ, ಕುಕ್ಕರಿನ ಶಾಖಕ್ಕೂ ಜಗ್ಗುವುದಿಲ್ಲ. ಅನ್ನದ ವಾಸನೆ, ರುಚಿ ಕೆಟ್ಟಿರಬೇಕೆಂದೂ ಇಲ್ಲ. ಉಳಿಯುತ್ತದೆ ಎಂದು ಗೊತ್ತಾದ ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ, ಆರಿದ ಕೂಡಲೇ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಫ್ರಿಜ್ಜು 5 ಡಿಗ್ರಿಗಿಂತ ತಣ್ಣಗಿರಲಿ, ಮಾರನೆಯ ದಿನವೇ ಮುಗಿಸಿ.

ಈ ವಾಂತಿಗೆ ಆ್ಯಂಟಿಬಯೋಟಿಕ್ ಬೇಡ, ಸಾಮಾನ್ಯವಾಗಿ ಒಂದು ದಿನದಲ್ಲಿ ನಿಲ್ಲುತ್ತದೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ದೊಡ್ಡದಾದರೆ ಒಂದು ಲೀಟರಿಗೆ, ಒಂದೇ ಸಲ ಕಲಸಿ. ಅರ್ಧ ಪೊಟ್ಟಣ ಲೋಟಕ್ಕೆ ಎಂಬ ಅಂದಾಜು ಮಕ್ಕಳಿಗೆ ಅಪಾಯ, ಉಪ್ಪು ಮೀರುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಸಮತಟ್ಟಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡಿ.

ಪ್ರಶ್ನೆ: ಮೂರು ವರ್ಷದ ಮಗನಿಗೆ ನೆಗಡಿ. ಸಿಂಬಳ ಹಸಿರಾಗಿದೆ. ಹೋದ ಸಲ ಉಳಿದ ಆ್ಯಂಟಿಬಯೋಟಿಕ್ ಸಿರಪ್ ಫ್ರಿಜ್ಜಿನಲ್ಲಿದೆ, ಕೊಡಬಹುದೇ? (ಬೆಂಗಳೂರು)

ಬೇಡ. ನೆಗಡಿ ವೈರಸ್ಸಿನದು, ಸಿರಪ್ಪು ಅದನ್ನು ಮುಟ್ಟುವುದೂ ಇಲ್ಲ. ಹಸಿರು ಬಣ್ಣ ಮಗುವಿನ ಬಿಳಿ ರಕ್ತಕಣಗಳಲ್ಲಿರುವ ಕಿಣ್ವದ್ದು, ಬ್ಯಾಕ್ಟೀರಿಯಾ ಬಂತೆಂಬ ಗುರುತಲ್ಲ. ಪುಡಿಗೆ ನೀರು ಬೆರೆಸಿದ ಸಿರಪ್ಪಿನ ಆಯುಸ್ಸು ಫ್ರಿಜ್ಜಿನಲ್ಲೂ ಒಂದೆರಡು ವಾರ ಮಾತ್ರ, ಚೆಲ್ಲಿಬಿಡಿ.

ಸಿಂಬಳದ ಬಣ್ಣ ಬಿಟ್ಟು ಉಸಿರಾಟ ನೋಡಿ. ಮಗು ಮಲಗಿರುವಾಗ ಅಂಗಿ ಎತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದರೆ ನ್ಯುಮೋನಿಯಾ ಇರಬಹುದು, ಅಂದೇ ತೋರಿಸಿ. ಜ್ವರ ಮೂರು ದಿನ ದಾಟಿದರೆ, ಬಿಟ್ಟ ಜ್ವರ ಮತ್ತೆ ಏರಿದರೆ, ಮಗು ಕಿವಿ ಹಿಡಿದು ಅತ್ತರೆ, ನೀರೂ ಕುಡಿಯದಿದ್ದರೆ ಆಗಲೂ ತೋರಿಸಿ. ಇಲ್ಲವಾದರೆ ಮೂಗಿಗೆ ಸಲೈನ್ ಹನಿ, ಬೆಚ್ಚಗಿನ ನೀರು, ಎಂದಿನ ಊಟ ಸಾಕು. ಕೆಮ್ಮು ಪೂರ್ತಿ ಹೋಗಲು ಎರಡು ವಾರವೂ ಹಿಡಿಯಬಹುದು.